ಟ್ರಂಕ್ ಸರಿಯಿದ್ದರೂ ವಿಸ್ಯಾನ್ 20 ಮಾತ್ರ ಐಸೊಲೇಟೆಡ್ ಆಗುತ್ತಿದೆ

ಪ್ರಶ್ನೆ

ನಮಸ್ಕಾರ. ನಮ್ಮಲ್ಲಿ ಹಲವು ವರ್ಷಗಳಿಂದ ನಡೆಯುತ್ತಿರುವ ಸಿಸ್ಕೊ ಎಂಡಿಎಸ್ ಸ್ವಿಚ್ಚಿಗೆ (ಸರ್ವರ್‌ಗಳನ್ನೂ ಶೇಖರಣಾ ಸಾಧನಗಳನ್ನೂ ಜೋಡಿಸುವ ಫೈಬರ್ ಚಾನೆಲ್ ಸ್ವಿಚ್) ಕಳೆದ ವಾರ ಇನ್ನೊಂದು ಎಂಡಿಎಸ್ ಸ್ವಿಚ್ಚನ್ನು ಜೋಡಿಸಿದೆವು. ಡೇಟಾಬೇಸ್ ಸರ್ವರ್‌ಗಳು ವಿಸ್ಯಾನ್ 10ರಲ್ಲಿಯೂ ಬ್ಯಾಕಪ್ ವಿಸ್ಯಾನ್ 20ರಲ್ಲಿಯೂ ಇವೆ (ವಿಸ್ಯಾನ್ ಎಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ವರ್ಚುವಲ್ ಶೇಖರಣಾ ಜಾಲ). ಎರಡು ಸ್ವಿಚ್‌ಗಳ ನಡುವೆ ಹಲವು ವಿಸ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಪೋರ್ಟಿನಲ್ಲಿ ವಿಸ್ಯಾನ್ 10ಕ್ಕೆ ಯಾವ ತೊಂದರೆಯೂ ಇಲ್ಲ, 20 ಮಾತ್ರ ಐಸೊಲೇಟೆಡ್ (ಬೇರ್ಪಟ್ಟಿದೆ) ಎಂದು ತೋರಿಸುತ್ತಿದೆ. ಎರಡೂ ಕಡೆ ವಿಸ್ಯಾನ್ 20 ಇದೆ, ಟ್ರಂಕಿನ ಅನುಮತಿ ಪಟ್ಟಿಯಲ್ಲಿಯೂ ಇದೆ. ಹೊಸ ಸ್ವಿಚ್ಚಿಗೆ ಟೇಪ್ ಲೈಬ್ರರಿ ಲಾಗಿನ್ ಆಗಿದೆಯಾದರೂ ಹಳೆಯ ಸ್ವಿಚ್ಚಿನ ನೇಮ್ ಸರ್ವರ್‌ನಲ್ಲಿ (ಲಾಗಿನ್ ಆದ ಸಾಧನಗಳ ಪಟ್ಟಿ) ಅದರ ಡಬ್ಲ್ಯುಡಬ್ಲ್ಯುಎನ್ (ಸಾಧನದ ಅನನ್ಯ ಗುರುತು ಸಂಖ್ಯೆ) ಕಾಣುತ್ತಿಲ್ಲ. ಹೊಸ ಸ್ವಿಚ್ಚಿನಲ್ಲಿ ವಿಸ್ಯಾನ್ 20ನ್ನು ಅಳಿಸಿ ಮತ್ತೆ ಸೃಷ್ಟಿಸಿದರೆ ಸರಿಹೋಗಬಹುದೇ?

ಮೊದಲ ಉತ್ತರ

ದಯವಿಟ್ಟು ಅಳಿಸಬೇಡಿ. ವಿಸ್ಯಾನ್ ಅಳಿಸಿದ ಕೂಡಲೇ ಅದರಲ್ಲಿದ್ದ ಪೋರ್ಟುಗಳೆಲ್ಲ 4094ನೆಯ ಐಸೊಲೇಟೆಡ್ ವಿಸ್ಯಾನಿಗೆ ಹೋಗಿ ಬೀಳುತ್ತವೆ, ಆ ವಿಸ್ಯಾನಿನ ಝೋನಿಂಗ್ (ಯಾವ ಸಾಧನ ಯಾವುದರೊಂದಿಗೆ ಮಾತಾಡಬಹುದೆಂಬ ಗುಂಪುಗಾರಿಕೆ) ಕೂಡ ಹೋಗುತ್ತದೆ. ಕಾರಣವನ್ನು ಸ್ವಿಚ್ ತಾನೇ ಹೇಳುತ್ತದೆ: "ಶೋ ಇಂಟರ್‌ಫೇಸ್ ಎಫ್‌ಸಿ1/1 ಟ್ರಂಕ್ ವಿಸ್ಯಾನ್ 20" ಎಂದು ಕೊಟ್ಟು, ಐಸೊಲೇಷನ್ ಎಂಬ ಪದದ ಮುಂದೆ ಏನಿದೆಯೆಂದು ನೋಡಿ ಇಲ್ಲಿ ತಿಳಿಸಿ. ಬಹುಮಟ್ಟಿಗೆ ಅಲ್ಲಿ ಡೊಮೇನ್ ಐಡಿಯ (ಜಾಲದಲ್ಲಿ ಸ್ವಿಚ್ಚಿನ ಗುರುತು ಸಂಖ್ಯೆ) ಘರ್ಷಣೆ ಇರುತ್ತದೆ, ಇಲ್ಲವೇ ಝೋನ್ ವಿಲೀನ ವಿಫಲವಾಗಿರುತ್ತದೆ.

ಪ್ರಶ್ನೆ ಕೇಳಿದವರು

ಡೊಮೇನ್ ಓವರ್‌ಲ್ಯಾಪ್ ಎಂದು ಬಂದಿದೆ. ಆದರೆ ಹಳೆಯದಕ್ಕೆ 10, ಹೊಸದಕ್ಕೆ 11 ಎಂದು ಬೇರೆ ಬೇರೆ ಡೊಮೇನ್ ಐಡಿಯನ್ನು ನಾನೇ ಕೊಟ್ಟಿದ್ದೇನೆ. ಹೊಸ ಸ್ವಿಚ್ಚಿನ ಉಳಿದ ಕಾನ್ಫಿಗರೇಷನ್ ಹಳೆಯದರ ಒಂದು ಬ್ಯಾಕಪ್ ಪ್ರತಿಯಿಂದ ಬಂದದ್ದು.

ಎರಡನೆಯ ಉತ್ತರ

ತೊಡಕು ಇರುವುದು ಅಲ್ಲಿಯೇ. ಡೊಮೇನ್ ಐಡಿ ಇಡೀ ಸ್ವಿಚ್ಚಿಗೆ ಒಂದೇ ಎಂದು ಬಹಳ ಮಂದಿ ತಿಳಿದಿರುತ್ತಾರೆ. ವಾಸ್ತವದಲ್ಲಿ ಪ್ರತಿಯೊಂದು ವಿಸ್ಯಾನೂ ತನ್ನದೇ ಆದ ಪ್ರತ್ಯೇಕ ಫ್ಯಾಬ್ರಿಕ್ (ಸ್ವಿಚ್‌ಗಳ ಜಾಲ) ಆಗಿರುವುದರಿಂದ, 1ರಿಂದ 239ರವರೆಗಿನ ಐಡಿಗಳಲ್ಲಿ ಒಂದನ್ನು ಸ್ವಿಚ್ ಪ್ರತಿ ವಿಸ್ಯಾನಿಗೂ ಬೇರೆಯಾಗಿ ಹಿಡಿದಿರುತ್ತದೆ. ನೀವು ಬದಲಿಸಿದ್ದು ವಿಸ್ಯಾನ್ 10ರದ್ದನ್ನು ಮಾತ್ರ. ವಿಸ್ಯಾನ್ 20ರಲ್ಲಿ ಪ್ರತಿಯಿಂದ ಬಂದ ಸ್ಟ್ಯಾಟಿಕ್ (ಕೈಯಾರೆ ನಿಗದಿಪಡಿಸಿದ) ಐಡಿಯೇ ಎರಡೂ ಕಡೆ ಇರಬೇಕು.

ಬದಲಾವಣೆಯನ್ನು ಹೊಸ ಸ್ವಿಚ್ಚಿನಲ್ಲಿಯೇ ಮಾಡಿ. ಸಾಧನಕ್ಕೆ ಸ್ವಿಚ್ ಕೊಡುವ ವಿಳಾಸವಾದ 24 ಬಿಟ್‌ಗಳ ಎಫ್‌ಸಿಐಡಿಯ ಮೊದಲ 8 ಬಿಟ್‌ಗಳು ಡೊಮೇನ್ ಐಡಿಯೇ ಆದ್ದರಿಂದ, ಐಡಿ ಬದಲಾದ ಕಡೆ ಆ ವಿಸ್ಯಾನಿನ ಎಲ್ಲ ಸಾಧನಗಳೂ ಹೊಸ ವಿಳಾಸ ಪಡೆದು ಮರಳಿ ಲಾಗಿನ್ ಆಗಬೇಕಾಗುತ್ತದೆ; ಕೆಲಸದಲ್ಲಿರುವ ಬ್ಯಾಕಪ್ ಸರ್ವರ್‌ಗೆ ಆ ಪೆಟ್ಟು ಬೀಳಬಾರದು. ಬೇರೆ ಸ್ಟ್ಯಾಟಿಕ್ ಐಡಿ ಕೊಟ್ಟ ಮೇಲೆ ವಿಸ್ಯಾನ್ 20ಕ್ಕೆ ಮಾತ್ರ ಡಿಸ್‌ರಪ್ಟಿವ್ (ಸಂಚಾರಕ್ಕೆ ಅಡ್ಡಿಯಾಗುವ) ರೀಸ್ಟಾರ್ಟ್ ಬೇಕಾಗುತ್ತದೆ, 10ಕ್ಕೆ ಏನೂ ಆಗದು.

ಇನ್ನೊಂದು ಮಾತು. ಅನುಮತಿ ಪಟ್ಟಿಯನ್ನು ಮುಟ್ಟುವಾಗ "ಆಡ್" ಎಂಬ ಪದವನ್ನು ಬಿಡಬೇಡಿ. ಅದಿಲ್ಲದೆ ವಿಸ್ಯಾನ್ 20 ಎಂದಷ್ಟೇ ಕೊಟ್ಟರೆ ಹಿಂದಿನ ಪಟ್ಟಿ ಅಳಿದು ಅದೊಂದೇ ಉಳಿಯುತ್ತದೆ, ನಿಮ್ಮ ಡೇಟಾಬೇಸ್ ಸಂಚಾರ ಆ ಕ್ಷಣವೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಎರಡೂ ಕಡೆ 20 ಎಂದೇ ಇತ್ತು. ಹೊಸದರಲ್ಲಿ 21 ಮಾಡಿ ರೀಸ್ಟಾರ್ಟ್ ಕೊಟ್ಟೆ. ಈಗ ಝೋನ್ ವಿಲೀನ ವಿಫಲ ಎಂದು ಬರುತ್ತಿದೆ. ಎರಡರ ಸಕ್ರಿಯ ಝೋನ್‌ಸೆಟ್‌ಗಳನ್ನು (ಈಗ ಜಾರಿಯಲ್ಲಿರುವ ಝೋನ್‌ಗಳ ಸಮೂಹ) ಪಕ್ಕಪಕ್ಕದಲ್ಲಿಟ್ಟು ಓದಿದಾಗ ಒಂದು ವ್ಯತ್ಯಾಸ ಸಿಕ್ಕಿತು: ಬ್ಯಾಕಪ್ ಸರ್ವರ್‌ನ ಝೋನಿಗೆ ಎರಡೂ ಕಡೆ ಒಂದೇ ಹೆಸರು, ಆದರೆ ಡಬ್ಲ್ಯುಡಬ್ಲ್ಯುಎನ್‌ನ ಕೊನೆಯ ಎರಡು ಅಂಕೆಗಳು ಬೇರೆ. ಆ ಸರ್ವರ್ ಅನ್ನು ಶೇಖರಣಾ ಜಾಲಕ್ಕೆ ಜೋಡಿಸುವ ಎಚ್‌ಬಿಎ ಕಾರ್ಡನ್ನು ಬದಲಿಸುವುದಕ್ಕೆ ಮುಂಚಿನ ಪ್ರತಿ ಅದಾಗಿತ್ತು.

ಎರಡನೆಯ ಉತ್ತರ ನೀಡಿದವರು

ಒಂದೇ ಹೆಸರಿನ ಝೋನಿನಲ್ಲಿ ಸದಸ್ಯರು ಬೇರೆಯಾಗಿದ್ದರೆ ಯಾವುದು ಸರಿಯೆಂದು ಸ್ವಿಚ್ ತಾನಾಗಿ ತೀರ್ಮಾನಿಸುವುದಿಲ್ಲ, ಆ ವಿಸ್ಯಾನನ್ನು ಕತ್ತರಿಸಿಬಿಡುತ್ತದೆ. ಅದು ಒಳ್ಳೆಯದೇ. ಹೊಸ ಸ್ವಿಚ್ಚಿನಲ್ಲಿ ಕುಳಿತು ಆ ಪೋರ್ಟಿನ ಮೇಲೆ "ಝೋನ್‌ಸೆಟ್ ಇಂಪೋರ್ಟ್" ಕೊಡಿ, ಹಳೆಯದರ ಝೋನ್‌ಸೆಟ್ ಇತ್ತ ಬರುತ್ತದೆ. ತಪ್ಪಿ ಅಲ್ಲಿಯೇ ಎಕ್ಸ್‌ಪೋರ್ಟ್ ಕೊಟ್ಟರೆ ಹಳತಾದ ಝೋನಿಂಗ್ ಹೋಗಿ ಚಾಲ್ತಿಯಲ್ಲಿರುವುದರ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮುನ್ನ ಯಾವ ಸ್ವಿಚ್ಚಿನಲ್ಲಿದ್ದೀರೆಂದು ಪ್ರಾಂಪ್ಟ್ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಂಪೋರ್ಟ್ ಆಯಿತು, ವಿಸ್ಯಾನ್ 20 ಈಗ ಅಪ್ ಎಂದು ತೋರಿಸುತ್ತಿದೆ. ಹಳೆಯ ಸ್ವಿಚ್ಚಿನಲ್ಲಿ ಟೇಪ್ ಲೈಬ್ರರಿ ಕಾಣಿಸಿತು. ಇಬ್ಬರಿಗೂ ತುಂಬು ಧನ್ಯವಾದಗಳು.

ಮೊದಲ ಉತ್ತರ ನೀಡಿದವರು

ಸಂತೋಷ. ಇಂಪೋರ್ಟ್ ಬದಲಿಸುವುದು ಸಕ್ರಿಯ ಝೋನ್‌ಸೆಟ್ಟನ್ನು ಮಾತ್ರ. ಹೊಸ ಸ್ವಿಚ್ಚಿನ ಪೂರ್ಣ ಡೇಟಾಬೇಸಿನಲ್ಲಿ (ಉಳಿಸಿಟ್ಟ ಎಲ್ಲ ಝೋನ್‌ಗಳ ಸಂಗ್ರಹ) ಹಳೆಯ ಕಾರ್ಡಿನ ಡಬ್ಲ್ಯುಡಬ್ಲ್ಯುಎನ್ ಇನ್ನೂ ಉಳಿದಿರುತ್ತದೆ, ನಾಳೆ ಯಾರಾದರೂ ಅಲ್ಲಿಂದ ಆಕ್ಟಿವೇಟ್ ಮಾಡಿದರೆ ಬ್ಯಾಕಪ್ ಸರ್ವರ್ ಝೋನಿನಿಂದ ಹೊರಬೀಳುತ್ತದೆ. ಸಕ್ರಿಯವಾದುದನ್ನು ಪೂರ್ಣ ಝೋನ್‌ಸೆಟ್ಟಿಗೆ ನಕಲಿಸಿ, ಆಮೇಲೆ ಎರಡೂ ಸ್ವಿಚ್‌ಗಳಲ್ಲಿ ಕಾನ್ಫಿಗರೇಷನ್ ಉಳಿಸಿಕೊಳ್ಳಿ.