20 ನಿಮಿಷದ ಏಕಾಂಕಕ್ಕೆ ಏಳು ದೃಶ್ಯ: ಎಲ್ಲಿ ಕತ್ತರಿ ಹಾಕೋದು?

ಹೊಸಬ_ನಾಟಕಕಾರ:
ಕಾಲೇಜು ಸ್ಪರ್ಧೆಗೆ ಏಕಾಂಕ ಬರೀತಿದ್ದೀನಿ. ಮಿತಿ 20 ನಿಮಿಷ, ರಂಗಸಜ್ಜಿಕೆ ಹಾಕಿ ತೆಗೆಯೋದೂ ಅದರಲ್ಲೇ. ಅಮ್ಮ ತೀರಿಕೊಂಡ ಮೇಲೆ ಅಣ್ಣ-ತಮ್ಮ ಊರಿನ ಮನೆ ಮಾರೋಕೆ ಹೊರಡ್ತಾರೆ. ಹಿತ್ತಾಳೆ ಹಂಡೆ ಯಾರಿಗೆ ಅನ್ನೋದರಲ್ಲಿ ಜಗಳ ಹತ್ತಿಕೊಳ್ಳುತ್ತೆ. ಬಸ್ ಸ್ಟ್ಯಾಂಡು, ಮನೆ, ವಕೀಲರ ಆಫೀಸು, ಆಸ್ಪತ್ರೆ ಅಂತ ಏಳು ದೃಶ್ಯ, ಒಂಬತ್ತು ಪಾತ್ರ ಆಗಿದೆ. ಓದಿದರೆ 19 ನಿಮಿಷ. ನಡಿಯುತ್ತಾ?

ಸೈಡ್‌ವಿಂಗ್:
ನಡಿಯಲ್ಲ. ಕೂತು ಓದಿದ 19 ನಿಮಿಷ ರಂಗದ ಮೇಲೆ ಸುಲಭವಾಗಿ 24 ದಾಟುತ್ತೆ. ನಡಿಗೆ, ಮೌನ, ಪ್ರೇಕ್ಷಕರ ನಗು ಯಾವುದೂ ಓದುವಾಗ ಲೆಕ್ಕಕ್ಕೆ ಬರಲ್ಲ. ಏಳು ದೃಶ್ಯಕ್ಕೆ ಆರು ಬ್ಲಾಕೌಟ್, ಅಂದ್ರೆ ದೃಶ್ಯ ಬದಲಿಸೋಕೆ ಆರು ಸಲ ಬೆಳಕು ಆರಿಸೋದು. ಒಂದಕ್ಕೆ 30 ಸೆಕೆಂಡ್ ಅಂದ್ರೂ 3 ನಿಮಿಷ ಕತ್ತಲಲ್ಲೇ ಹೋಯ್ತು. ಓದಿಗೆ 13–14 ನಿಮಿಷ ಬರೋ ಹಾಗೆ ಇಳಿಸಿ.

ಎಲ್ಲಾನೂ ಒಂದೇ ಜಗಲಿಗೆ, ಒಂದೇ ಬೆಳಿಗ್ಗೆಗೆ ತನ್ನಿ. 11 ಗಂಟೆಗೆ ಮನೆ ನೋಡೋಕೆ ಗಿರಾಕಿ ಬರ್ತಾನೆ. ನಾಟಕ ಶುರುವಾಗೋದು ಹತ್ತೂಮುಕ್ಕಾಲಿಗೆ. ಆಸ್ಪತ್ರೆ ಮುಗಿದ ಕತೆ, ಮಾತಲ್ಲಿ ಬಂದರೆ ಸಾಕು. ವಕೀಲರನ್ನ ತೆಗೀರಿ, ಆದರೆ ಅವರ ಜೊತೆಗಿನ ಮಾತನ್ನ ಫೋನಿಗೆ ಹಾಕಬೇಡಿ. "ಏನು? ಪತ್ರ ಸಿಕ್ಕಿಲ್ವಾ?" ಅಂತ ಆ ಕಡೆಯವರ ಮಾತನ್ನೂ ನಟನೇ ಒಪ್ಪಿಸೋದು ಹವ್ಯಾಸಿ ನಾಟಕದ ಹಳೇ ರೋಗ.

ಕರಡು_ತಿದ್ದುವವ:
ಪಾತ್ರ ನಾಲ್ಕು ಸಾಕು: ಅಣ್ಣ, ತಮ್ಮ, ಅತ್ತಿಗೆ, ಗಿರಾಕಿ. ಮಾತು ಬರೆಯೋ ಮೊದಲು ಒಬ್ಬೊಬ್ಬರಿಗೂ ಒಂದು ಸಾಲು ಬರ್ಕೊಳ್ಳಿ, ಇವತ್ತು ಇವರಿಗೆ ಏನು ಬೇಕು ಅಂತ. "ಪ್ರೀತಿ ಬೇಕು" ಅಂದ್ರೆ ನಟನಿಗೆ ಮಾಡೋಕೆ ಏನೂ ಸಿಗಲ್ಲ. "ಗಿರಾಕಿ ಬರೋಷ್ಟರಲ್ಲಿ ಅಣ್ಣನ ಸಹಿ ಬೇಕು" ಅಂದ್ರೆ ಸಿಗುತ್ತೆ.

"ನೀನು ಬೆಂಗಳೂರು ಸೇರಿ ಹತ್ತು ವರ್ಷ ಆಯ್ತು, ಊರಿಗೇ ಬರಲ್ಲ" ಅಂತ ಅಣ್ಣ ಹೇಳಿದರೆ ಅದು ತಮ್ಮನಿಗಲ್ಲ, ಪ್ರೇಕ್ಷಕರಿಗೆ ಹೇಳಿದ್ದು. ಬದಲಿಗೆ:

ತಮ್ಮ: ಹಂಡೆ ಅಟ್ಟದ ಮೇಲಿತ್ತಲ್ವಾ?
ಅಣ್ಣ: ಅಟ್ಟ ಕುಸಿದು ಎರಡು ಮಳೆಗಾಲ ಆಯ್ತು.

ಪರಿಕರ_ಪೆಟ್ಟಿಗೆ:
ಹಿತ್ತಾಳೆ ಹಂಡೆಯನ್ನ ಮರದ ರಂಗದ ಮೇಲೆ ಇಟ್ಟ ಕೂಡಲೇ ಠಣ್ ಅಂದು ಮುಂದಿನ ಮಾತನ್ನ ನುಂಗುತ್ತೆ. ಕೆಳಗೆ ಗೋಣಿಚೀಲ ಮಡಚಿ ಹಾಕಿ. ಸದ್ದು ಬೇಕಾದ ಒಂದೇ ಜಾಗದಲ್ಲಿ ಬರಿ ಹಲಗೆ ಮೇಲೆ ಇಡಿಸಿ. "ಸದ್ದು ಅಡಗೋವರೆಗೂ ಯಾರೂ ಮಾತಾಡುವುದಿಲ್ಲ" ಅಂತ ಸ್ಕ್ರಿಪ್ಟಲ್ಲೇ ಬರೀರಿ. ಪ್ರತಿ ಮಾತಿನ ಹಿಂದೆ "ಗದ್ಗದನಾಗಿ", "ಕೋಪದಿಂದ" ಬೇಡ, ಆ ಕೆಲಸ ನಟನಿಗೆ ಬಿಡಿ.

ಹೊಸಬ_ನಾಟಕಕಾರ:
ಕೊನೇಲಿ ಅಣ್ಣ ಪ್ರೇಕ್ಷಕರ ಕಡೆ ತಿರುಗಿ ಸಂಬಂಧಗಳ ಬಗ್ಗೆ ಎರಡು ಮಾತು ಹೇಳ್ತಾನೆ. ಇಡಲಾ?

ಸೈಡ್‌ವಿಂಗ್:
ಬೇಡ. ಗಿರಾಕಿ ಮನೆ ಬಿಟ್ಟು ಹಂಡೆಗೇ ರೇಟು ಕೇಳಲಿ. ಅಣ್ಣ-ತಮ್ಮ ಒಬ್ಬರ ಮುಖ ಒಬ್ಬರು ನೋಡ್ತಿರುವಾಗಲೇ ಬೆಳಕು ಆರಿಸಿ.