16 ಜಿಬಿ ರ‍್ಯಾಮ್ ಹಾಕಿದರೂ 7.9 ಜಿಬಿ ಮಾತ್ರ ಬಳಕೆಗೆ ಸಿಗುತ್ತಿದೆ, ಯಾಕೆ?

ಪ್ರಶ್ನೆ: ಸರ್, ನನ್ನ ಡೆಸ್ಕ್‌ಟಾಪ್‌ನಲ್ಲಿ 8 ಜಿಬಿಯ ಒಂದು ರ‍್ಯಾಮ್ ಇತ್ತು. ಅದೇ ಥರದ ಇನ್ನೊಂದನ್ನು ತಂದು ನಾನೇ ಹಾಕಿದೆ. ವಿಂಡೋಸ್ 10, 64 ಬಿಟ್. ಸಿಸ್ಟಮ್ ಮಾಹಿತಿಯಲ್ಲಿ 16 ಜಿಬಿ ಅಂತ ಇದೆ, ಪಕ್ಕದಲ್ಲೇ ಬಳಸಲು ಸಿಗುವುದು 7.9 ಅಂತಲೂ ಇದೆ. ಹೊಸ ರ‍್ಯಾಮ್ ಕೆಟ್ಟಿದೆಯಾ? ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಯೋಚನೆ ಬಿಡಿ. 16 ಅಂತ ತೋರಿಸುತ್ತಿದೆ ಅಲ್ವಾ, ಅಂದರೆ ಎರಡೂ ರ‍್ಯಾಮ್ ಇರುವುದು ಯಂತ್ರಕ್ಕೆ ಗೊತ್ತಾಗಿದೆ. ಆಮೇಲೆ ಎಲ್ಲೋ ತಡೆ ಬಿದ್ದಿದೆ.

ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿ. ಕೆಳಗೆ 'ಹಾರ್ಡ್‌ವೇರ್ ರಿಸರ್ವ್ಡ್', ಅಂದರೆ ವಿಂಡೋಸ್ ಕೈಗೆ ಸಿಗದೆ ಪಕ್ಕಕ್ಕಿಟ್ಟ ಮೆಮೊರಿ, ಎಷ್ಟಿದೆ ನೋಡಿ. ಒಂದಷ್ಟು ಎಂಬಿ ಇದ್ದರೆ ಮಾಮೂಲು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್) ಪಾಲು ಕೊಟ್ಟಿದ್ದರೆ ಇನ್ನೂ ಜಾಸ್ತಿ ಇರಬಹುದು. ಆದರೆ ಅರ್ಧಕ್ಕರ್ಧ ಹೋಗಿದ್ದರೆ ಅದು ಸಹಜವಲ್ಲ.

ಹಾಗಿದ್ದರೆ ಸ್ಟಾರ್ಟ್‌ನಲ್ಲಿ msconfig ಅಂತ ಹುಡುಕಿ, ವಿಂಡೋಸ್ ಶುರುವಾಗುವ ರೀತಿ ಬದಲಿಸುವ ಎಂಎಸ್‌ಕಾನ್ಫಿಗ್ ತೆರೆಯಿರಿ. ಬೂಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಷನ್ಸ್. 'ಮ್ಯಾಕ್ಸಿಮಮ್ ಮೆಮೊರಿ' ಪಕ್ಕ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಹೆಸರು ನೋಡಿ ಮೆಮೊರಿ ಹೆಚ್ಚಿಸುವ ಸೌಲಭ್ಯ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ನಿಜಕ್ಕೂ ಮಿತಿ ಹಾಕುವ ಜಾಗ. ಹಳೇ ಲೆಕ್ಕ ಅಲ್ಲೇ ಉಳಿದಿದ್ದರೆ ಎಷ್ಟು ರ‍್ಯಾಮ್ ಹಾಕಿದರೂ ವಿಂಡೋಸ್ ಅದನ್ನು ಮೀರುವುದಿಲ್ಲ.

ಟಿಕ್ ಇಲ್ಲವೇ ಇಲ್ಲ ಅಂದರೆ ಯಂತ್ರ ಆಫ್ ಮಾಡಿ, ವೈರ್ ಕಿತ್ತು, ಎರಡೂ ರ‍್ಯಾಮ್ ತೆಗೆದು ಕ್ಲಿಪ್ ಕಟ್ ಅನ್ನುವವರೆಗೆ ಒತ್ತಿ ಕೂರಿಸಿ. ಒಂದು ಪಿನ್‌ಗೆ ಸಂಪರ್ಕ ಸರಿಯಿಲ್ಲದಿದ್ದರೂ ಇದೇ ಥರ ಆಗಬಹುದು. ಆಗಲೂ ಸರಿಹೋಗದಿದ್ದರೆ ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ. ತಪ್ಪು ರ‍್ಯಾಮ್‌ನದೋ ಸ್ಲಾಟ್‌ನದೋ ಗೊತ್ತಾಗಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಸಿಕ್ಕಿತು ಸರ್! ರಿಸರ್ವ್ಡ್ 8.1 ಜಿಬಿ ಇತ್ತು. ಎಂಎಸ್‌ಕಾನ್ಫಿಗ್‌ನಲ್ಲಿ 8192 ಅಂತ ಟಿಕ್ ಆಗಿತ್ತು. ಕಂಪ್ಯೂಟರ್ ಜೋರಾಗಿ ಓಡಲಿ ಅಂತ ಹಿಂದೆ ಯಾವಾಗಲೋ ನಾನೇ ಹಾಕಿದ್ದೆ. ಈಗ 15.9 ತೋರಿಸುತ್ತಿದೆ.

ಉತ್ತರ: ಬಹಳ ಖುಷಿಯಾಯಿತು. ಆ ಜಾಗವನ್ನು ಇನ್ನು ಮುಟ್ಟಬೇಡಿ.

ಇನ್ನೊಬ್ಬರು: ನನ್ನದು 4 ಜಿಬಿ, ಸಿಗುವುದು 3.2. ಅಲ್ಲಿ ಟಿಕ್ ಇಲ್ಲ. 32 ಬಿಟ್ ವಿಂಡೋಸ್.

ಉತ್ತರ: ನಿಮ್ಮದು ಬೇರೆ ಕಥೆ, ಏನೂ ಕೆಟ್ಟಿಲ್ಲ. 32 ಬಿಟ್ ವಿಂಡೋಸ್ ಲೆಕ್ಕ 4 ಜಿಬಿಗೇ ಮುಗಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಮುಂತಾದ ಸಾಧನಗಳಿಗೂ ವಿಳಾಸ (ಮೆಮೊರಿಯ ಜಾಗ ಗುರುತಿಸುವ ಸಂಖ್ಯೆ) ಬೇಕು, ಅದೂ ಆ 4 ಜಿಬಿಯೊಳಗೇ ಹೋಗುತ್ತದೆ. ಉಳಿದದ್ದು ನಿಮಗೆ. ಸುಮ್ನೆ ಇನ್ನೊಂದು ರ‍್ಯಾಮ್ ತಂದರೆ ಉಪಯೋಗವಿಲ್ಲ. ಪ್ರೊಸೆಸರ್ 64 ಬಿಟ್‌ನದಾಗಿದ್ದರೆ 64 ಬಿಟ್ ವಿಂಡೋಸ್ ಹಾಕಿ. 32ರ ಮೇಲೆ ನೇರವಾಗಿ ಅಪ್‌ಗ್ರೇಡ್ ಆಗುವುದಿಲ್ಲ, ಹೊಸದಾಗಿಯೇ ಹಾಕಬೇಕು. ಮೊದಲು ಫೋಟೊ, ಫೈಲ್‌ಗಳನ್ನೆಲ್ಲ ಬೇರೆ ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ.