10ನೇ ಕ್ಲಾಸ್ ಮುಗಿಸಿ ಅಮೆರಿಕಕ್ಕೆ: ಸೋಷಿಯಲ್ ಸ್ಟಡೀಸ್ ಕ್ರೆಡಿಟ್ ನಿಮಗೆ ಸಿಕ್ಕಿತಾ?

ಹೊಸದಾಗಿ ಬಂದವಳು:
ಮಗ ಬೆಂಗಳೂರಿನಲ್ಲಿ ಸಿಬಿಎಸ್‌ಇ 10ನೇ ಕ್ಲಾಸ್ ಮುಗಿಸಿದ್ದಾನೆ. ಆಗಸ್ಟ್‌ನಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 11ಕ್ಕೆ ಸೇರಬೇಕು. ಕೌನ್ಸೆಲರ್ ಒಂದು ಹಾಳೆ ಕೊಟ್ಟರು. ಹೈಸ್ಕೂಲ್ ಡಿಪ್ಲೊಮಾಗೆ (12ನೇ ಕ್ಲಾಸ್ ಪಾಸಾದ ಸರ್ಟಿಫಿಕೇಟ್) ವರ್ಲ್ಡ್ ಹಿಸ್ಟರಿ ಒಂದು ವರ್ಷ, ಯುಎಸ್ ಹಿಸ್ಟರಿ ಒಂದು ವರ್ಷ, ಗವರ್ನಮೆಂಟ್ ಅರ್ಧ, ಎಕನಾಮಿಕ್ಸ್ ಅರ್ಧ. ನಮ್ಮ ಕೈಯಲ್ಲಿರುವುದು ಎರಡೇ ವರ್ಷ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ 'ಸೋಷಿಯಲ್ ಸೈನ್ಸ್' ಅಂತಿದೆ. ಸಮ್ಮರ್ ಸ್ಕೂಲಿಗೆ ಹಾಕಬೇಕಾ? ಯುಎಸ್ ಹಿಸ್ಟರಿ ಎಪಿ (ಕಾಲೇಜು ಮಟ್ಟದ ಕೋರ್ಸ್) ತೆಗೆದುಕೊಳ್ಳಬೇಕಾ? ಅನುಭವ ಇದ್ದವರು ಹೇಳಿ.

ಸನ್ನಿವೇಲ್ ಅಮ್ಮ:
ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಉರಿಯಿತು. ನಮ್ಮದೂ ಇದೇ ಕಥೆ. ಮಗಳ 9, 10ನೇ ಕ್ಲಾಸಿನ ಸೋಷಿಯಲ್ ಸೈನ್ಸನ್ನು ಸ್ಕೂಲಿನವರು ಕ್ರೆಡಿಟ್ ಅಂತ, ಅಂದರೆ ಕೋರ್ಸ್ ಮುಗಿಸಿದ ಲೆಕ್ಕಕ್ಕೆ ತೆಗೆದುಕೊಂಡರು, ಇಲ್ಲ ಅನ್ನಲ್ಲ. ಆದರೆ 'ಎಲೆಕ್ಟಿವ್', ಅಂದರೆ ಐಚ್ಛಿಕ ವಿಷಯ ಅಂತ ಹಾಕಿದರು. 20 ಕ್ರೆಡಿಟ್ ಇತ್ತು, ಡಿಪ್ಲೊಮಾಗೆ ಬೇಕಾದ ಜಾಗದಲ್ಲಿ ಸೊನ್ನೆ. 11ನೇ ಕ್ಲಾಸಿನ ಹುಡುಗಿ ಇಡೀ ವರ್ಷ 10ನೇ ಕ್ಲಾಸಿನ ಮಕ್ಕಳ ಜೊತೆ ಕೂತು ಮತ್ತೆ ಫ್ರೆಂಚ್ ಕ್ರಾಂತಿ ಓದಿದಳು. ಅಲ್ಲಿ 9ರಲ್ಲಿ ಓದಿದ್ದನ್ನೇ!

ಖರ್ಚು ಕೇಳಿ. ಟ್ರಾನ್ಸ್‌ಕ್ರಿಪ್ಟ್ ಇವ್ಯಾಲ್ಯುಯೇಷನ್ (ಅಲ್ಲಿನ ಮಾರ್ಕ್ಸನ್ನು ಇಲ್ಲಿನ ಲೆಕ್ಕಕ್ಕೆ ಹೊಂದಿಸುವ ವರದಿ) 165 ಡಾಲರ್. ಅದು ಬರೀ 'ಸಾಮಾನ್ಯ ವರದಿ' ಅಂತ ಗೊತ್ತಾದ ಮೇಲೆ ಕೋರ್ಸ್‌ವಾರು ವರದಿಗೆ ಇನ್ನೂ 70. ಸೀಲ್ ಹಾಕಿದ ಲಕೋಟೆ ಬೇಕು ಅಂದರು. ಹಳೇ ಸ್ಕೂಲಿನ ಆಫೀಸಿಗೆ ನನ್ನ ತಮ್ಮ ವೈಟ್‌ಫೀಲ್ಡ್‌ನಿಂದ ವಿಜಯನಗರಕ್ಕೆ ಮೂರು ಸಲ ಹೋದ. ಮೊದಲ ಸಲ ಪ್ರಿನ್ಸಿಪಾಲ್ ರಜೆ. ಎರಡನೇ ಸಲ ಸೀಲು ಲಕೋಟೆಯ ಒಳಗಿನ ಕಾಗದದ ಮೇಲೆ ಹಾಕಿದರು, ಮುಚ್ಚಿದ ಜಾಗದ ಮೇಲೆ ಹಾಕಲಿಲ್ಲ. ಮೂರನೇ ಸಲ ಆಯಿತು. ಕೊರಿಯರ್ 2,900 ರೂಪಾಯಿ. ಆರು ವಾರ. ಅಷ್ಟರಲ್ಲಿ ಸೆಮಿಸ್ಟರ್ ಶುರುವಾಗಿ ಕೋರ್ಸ್ ಬದಲಾಯಿಸುವ ಆಡ್-ಡ್ರಾಪ್ ದಿನಾಂಕ ಮುಗಿದಿತ್ತು.

ಆಮೇಲೆ ಕೌನ್ಸೆಲರ್ ಬದಲಾದರು. ಹೊಸಬರು ಕೇಳಿದ್ದು ಒಂದೇ: "ಈ ಸೋಷಿಯಲ್ ಸೈನ್ಸಿನಲ್ಲಿ ಏನೇನು ಪಾಠ ಇತ್ತು?" ಪುಸ್ತಕದ ಪರಿವಿಡಿ ಹುಡುಕಿ ತೋರಿಸಿದೆ. 9ರಲ್ಲಿ ಫ್ರೆಂಚ್ ಕ್ರಾಂತಿ, ರಷ್ಯನ್ ಕ್ರಾಂತಿ, ಹಿಟ್ಲರ್. 10ರಲ್ಲಿ ಯುರೋಪಿನ ರಾಷ್ಟ್ರೀಯತೆ, ಕೈಗಾರಿಕೀಕರಣ, ಮುದ್ರಣ. ಅವರು "ಇದು ವರ್ಲ್ಡ್ ಹಿಸ್ಟರಿಯೇ ಅಲ್ಲವಾ" ಅಂದರು. ಆಗ ಏಪ್ರಿಲ್ ತಿಂಗಳು, ವರ್ಷ ಮುಗಿಯುತ್ತಾ ಬಂದಿತ್ತು. ಮಗಳು ಮನೆಗೆ ಬಂದು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಡಲ್ಲಾಸ್ ದಾವಣಗೆರೆ:
ಕ್ಯಾಲಿಫೋರ್ನಿಯಾದವರು ಅಳುವುದು ನೋಡಿದರೆ ನಗು ಬರುತ್ತೆ. ನಿಮಗೆ ಕೋರ್ಸ್ ಪಾಸಾದರೆ ಮುಗೀತು. ಟೆಕ್ಸಾಸ್‌ನಲ್ಲಿ ಅದರ ಮೇಲೆ ಸ್ಟಾರ್ ಅನ್ನುವ ರಾಜ್ಯದ ಪರೀಕ್ಷೆ. ಆಲ್ಜೀಬ್ರಾ, ಬಯಾಲಜಿ, ಇಂಗ್ಲಿಷ್ ಎರಡು, ಐದನೆಯದು ಯುಎಸ್ ಹಿಸ್ಟರಿ. 11ಕ್ಕೆ ಬಂದ ಹುಡುಗನಿಗೆ ಅದೇ ವರ್ಷ ಪರೀಕ್ಷೆ. ನನ್ನ ಮಗನಿಗೆ ಉಪ್ಪಿನ ಸತ್ಯಾಗ್ರಹದ ತಾರೀಖು ಗೊತ್ತು. ರಿಕನ್‌ಸ್ಟ್ರಕ್ಷನ್ ಅಂದರೆ ಇಲ್ಲಿನ ಅಂತರ್ಯುದ್ಧ ಆದಮೇಲಿನ ಕಾಲ, ಅವನು ಮನೆ ರಿಪೇರಿ ಅಂದುಕೊಂಡಿದ್ದ.

ಅದು ಸಾಲದು ಅಂತ ನಾನೇ ಎಪಿ ಯುಎಸ್ ಹಿಸ್ಟರಿಗೆ ಹಾಕಿಸಿದೆ. ಅಕ್ಕಪಕ್ಕದವರ ಮಕ್ಕಳೆಲ್ಲ ಅದರಲ್ಲೇ ಇದ್ದರು, ಅದಕ್ಕೆ. 1491ರಿಂದ ಇವತ್ತಿನ ತನಕ ಒಂಬತ್ತು ಕಾಲಘಟ್ಟ. ಮೇ ತಿಂಗಳ ಪರೀಕ್ಷೆಯಲ್ಲಿ 55 ನಿಮಿಷಕ್ಕೆ 55 ಪ್ರಶ್ನೆ. ಆಮೇಲೆ ಡಿಬಿಕ್ಯೂ ಅಂತ ಒಂದು. ಏಳು ದಾಖಲೆ ಕೊಡುತ್ತಾರೆ, ಓದಿ ವಾದ ಕಟ್ಟಿ ಬರೆಯಬೇಕು. ಟ್ಯೂಷನ್ 14 ವಾರ, ವಾರಕ್ಕೆ ಎರಡು ಗಂಟೆ, ಗಂಟೆಗೆ 60 ಡಾಲರ್. 1,680. ಪರೀಕ್ಷೆ ಫೀ ಬೇರೆ. ಬಂದಿದ್ದು ಐದಕ್ಕೆ ಎರಡು. ಸ್ಟಾರ್ ಮಾತ್ರ ಮೊದಲ ಸಲಕ್ಕೇ ಪಾಸ್. ಸುಮ್ನೆ ರೆಗ್ಯುಲರ್ ತೆಗೆದುಕೊಂಡಿದ್ದರೆ ಆಗುತ್ತಿತ್ತು. ಈ ಇತಿಹಾಸದ ಗೋಳಲ್ಲಿ ಕ್ಯಾಲ್ಕುಲಸ್ ಗ್ರೇಡೂ ಬಿತ್ತು. ನಮ್ಮ ಮಕ್ಕಳಿಗೆ ಹಿಸ್ಟರಿ ಯಾಕೆ ಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಹಾಸನದ ಹುಡುಗಿ:
ಅಂಕಲ್, ನಿಮ್ಮ ಮಗನಿಗೆ ಎರಡು ಬಂದಿದ್ದು ಹಿಸ್ಟರಿ ತಪ್ಪಲ್ಲ.

ನಾನು ಸ್ಟೇಟ್ ಸಿಲಬಸ್ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದವಳು. ಸಮಾಜ ವಿಜ್ಞಾನ ಅಂದರೆ ನಮಗೆ ಉರು ಹೊಡೆಯುವುದು. ಒಂದು ಅಂಕದ ಪ್ರಶ್ನೆ, ಎರಡು ಅಂಕದ ಪ್ರಶ್ನೆ, ನಕ್ಷೆಯಲ್ಲಿ ತುಂಗಭದ್ರಾ ಗುರುತಿಸಿ. ಇಲ್ಲಿ 11ರಲ್ಲಿ ವರ್ಲ್ಡ್ ಮತ್ತು ಯುಎಸ್ ಎರಡೂ ಒಟ್ಟಿಗೆ ಮಾಡಿದೆ. ಮೊದಲ ಪ್ರಬಂಧಕ್ಕೆ ಸಿ ಮೈನಸ್. ಕೆಂಪು ಪೆನ್ನಿನಲ್ಲಿ ಬರೆದಿದ್ದರು, "ನೀನು ಏನಾಯಿತು ಅಂತ ಹೇಳಿದ್ದೀಯ, ಯಾಕಾಯಿತು ಅಂತ ಹೇಳಿಲ್ಲ." ಬಾತ್‌ರೂಮಿನಲ್ಲಿ ಕೂತು ಅತ್ತೆ. ಜನವರಿ ಹೊತ್ತಿಗೆ ಎ ಬಂತು. ಇವತ್ತು ಆಫೀಸಿನಲ್ಲಿ ಒಂದು ಪುಟ ನೆಟ್ಟಗೆ ಬರೆಯುತ್ತೇನೆ ಅಂದರೆ ಅದು ಆ ಕ್ಲಾಸಿನಿಂದ. ಕ್ಯಾಲ್ಕುಲಸ್‌ನಿಂದ ಅಲ್ಲ.

ಡಲ್ಲಾಸ್ ದಾವಣಗೆರೆ:
ನನ್ನ ಮಗನ ಬಗ್ಗೆ ಮಾತಾಡಬೇಡಮ್ಮ. ನೀನು ಮಕ್ಕಳನ್ನು ಸಾಕಿದ ಮೇಲೆ ಬಂದು ಹೇಳು.

ಹಾಸನದ ಹುಡುಗಿ:
ಅಂಕ ಹೇಳಿದ್ದು ನೀವೇ ಅಲ್ವಾ?

ಎಡಿಸನ್ ಅಪ್ಪ:
ನ್ಯೂಜೆರ್ಸಿಗೆ ಬನ್ನಿ. ಇಲ್ಲಿ ಯುಎಸ್ ಹಿಸ್ಟರಿಯೇ ಎರಡು ವರ್ಷ, ವರ್ಲ್ಡ್ ಹಿಸ್ಟರಿ ಒಂದು ವರ್ಷ. ಒಟ್ಟು 15 ಕ್ರೆಡಿಟ್. ಮೇಲೆ ಫೈನಾನ್ಷಿಯಲ್ ಲಿಟರಸಿ ಎರಡೂವರೆ. 11ಕ್ಕೆ ಬಂದರೆ ಎರಡು ವರ್ಷವೂ ಒಂದು ಪೀರಿಯಡ್ ಹೋಯಿತು ಅಂತಲೇ ಲೆಕ್ಕ.

ನಾವು ಜಾಣರಂತೆ ಸಮ್ಮರ್‌ನಲ್ಲಿ ಆನ್‌ಲೈನ್ ಕೋರ್ಸ್ ಮಾಡಿಸಿದೆವು. 640 ಡಾಲರ್. ಹುಡುಗ ಜುಲೈ ಪೂರ್ತಿ ಕೂತು ಮುಗಿಸಿದ. ಊರಿಗೆ ಹೋಗುವ ಟಿಕೆಟ್ ಕ್ಯಾನ್ಸಲ್ ಮಾಡಿದೆವು, ಅದಕ್ಕೆ ದಂಡ 400. ಅಜ್ಜಿಯ ಎಂಬತ್ತರ ಶಾಂತಿ ತಪ್ಪಿತು. ಸೆಪ್ಟೆಂಬರ್‌ನಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡು ಹೋದರೆ, "ಮೊದಲೇ ಬರೆದು ಒಪ್ಪಿಗೆ ತೆಗೆದುಕೊಂಡಿದ್ದೀರಾ?" ತೆಗೆದುಕೊಂಡಿರಲಿಲ್ಲ. ಮುಗೀತು. ಆ ಸರ್ಟಿಫಿಕೇಟ್ ಫ್ರಿಡ್ಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೇನೆ. ನನ್ನ ಹೆಂಡತಿ ತೆಗೆಯಲು ಬಿಡುತ್ತಿಲ್ಲ.

ಮಿಲ್ಪಿಟಾಸ್ ಮಾವ:
ಎಲ್ಲರೂ ಎಥ್ನಿಕ್ ಸ್ಟಡೀಸ್ (ಬೇರೆ ಬೇರೆ ಜನಾಂಗಗಳ ಇತಿಹಾಸ, ಸಂಸ್ಕೃತಿಯ ಕೋರ್ಸ್) ಮರೆತಿರಿ. ಕ್ಯಾಲಿಫೋರ್ನಿಯಾದಲ್ಲಿ ಅದೂ ಕಡ್ಡಾಯ. ಇವರ ಮಗ ಅದನ್ನೂ ಮಾಡಬೇಕು.

ಸನ್ನಿವೇಲ್ ಅಮ್ಮ:
ತಪ್ಪು ಮಾಹಿತಿ ಕೊಡಬೇಡಿ. ಕಾನೂನು ಬಂದಿದ್ದು 2021ರಲ್ಲಿ. ಅದರಲ್ಲಿ ಇರುವುದು 2030ರಲ್ಲಿ ಪಾಸಾಗುವ ಮಕ್ಕಳ ಬಗ್ಗೆ. ಅದೂ ರಾಜ್ಯ ದುಡ್ಡು ಕೊಟ್ಟರೆ ಮಾತ್ರ. ದುಡ್ಡು ಬರಲಿಲ್ಲ ಅಂತ ಎಷ್ಟೋ ಡಿಸ್ಟ್ರಿಕ್ಟ್‌ಗಳು (ಊರಿನ ಶಾಲೆಗಳನ್ನು ನಡೆಸುವ ಮಂಡಳಿಗಳು) ಕೈಬಿಟ್ಟವು.

ಮಿಲ್ಪಿಟಾಸ್ ಮಾವ:
ನನ್ನ ಮೊಮ್ಮಗಳು 9ರಲ್ಲೇ ಮಾಡಿದಳು. ಕಣ್ಣಾರೆ ನೋಡಿದ್ದೇನೆ.

ಸನ್ನಿವೇಲ್ ಅಮ್ಮ:
ನಿಮ್ಮ ಡಿಸ್ಟ್ರಿಕ್ಟ್ ತಾನಾಗಿ ಹಾಕಿಕೊಂಡಿರಬಹುದು ಸರ್. ರಾಜ್ಯದ ನಿಯಮ ಬೇರೆ, ಡಿಸ್ಟ್ರಿಕ್ಟ್ ನಿಯಮ ಬೇರೆ. ಇದನ್ನು ಕಲಿಯುವುದಕ್ಕೆ ನನಗೆ ಒಂದು ವರ್ಷ ಹೋಯಿತು.

ಮಿಲ್ಪಿಟಾಸ್ ಮಾವ:
ನಾನು ಇಲ್ಲಿಗೆ ಬಂದು 31 ವರ್ಷ ಆಯಿತು. ಸಿಟಿಜನ್‌ಶಿಪ್ ಸಂದರ್ಶನದಲ್ಲಿ ಮೊದಲ ಆರು ಪ್ರಶ್ನೆಗೂ ಸರಿ ಉತ್ತರ ಕೊಟ್ಟು ಪಾಸಾದವನು. ನನಗೆ ನಿಯಮ ಹೇಳಿಕೊಡಬೇಡಿ.

ಡಬ್ಲಿನ್ ಅಪ್ಪ:
ಜಗಳ ಬಿಟ್ಟು ಒಂದು ಮಾತು ಕೇಳಿ. ಎಲ್ಲರೂ 11ನೇ ಕ್ಲಾಸಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೀರಿ. ನಮಗೆ ಹೊಡೆತ ಬಿದ್ದಿದ್ದು 12ರ ಕೊನೆಯ ಸೆಮಿಸ್ಟರ್‌ನಲ್ಲಿ, ಎಕನಾಮಿಕ್ಸ್‌ನಲ್ಲಿ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ ಒಂದರಲ್ಲಿ ಸೀಟು ಸಿಕ್ಕಿತ್ತು. ಮಗ ತೇಲಾಡಿಕೊಂಡಿದ್ದ. ಹೋಮ್‌ವರ್ಕ್ ಕೊಡಲಿಲ್ಲ, ಡಿ ಬಂತು. ಡಿ ಬಂದರೂ ಡಿಪ್ಲೊಮಾ ಸಿಗುತ್ತೆ. ಗೌನು ಟೋಪಿ ಹಾಕಿ ವೇದಿಕೆ ಹತ್ತಿದ, ನಾವು ಫೋಟೋ ತೆಗೆದೆವು. ಆದರೆ ಯುಸಿಗೆ 12ರಲ್ಲಿ ಎಲ್ಲದರಲ್ಲೂ ಸಿ ಅಥವಾ ಮೇಲೆ ಇರಬೇಕು. ಡಿ ಬಂದರೆ ನೀವೇ ತಿಳಿಸಬೇಕು. ತಿಳಿಸಿದೆವು. ಅಡ್ಮಿಷನ್ ಉಳಿಯುತ್ತೋ ಇಲ್ಲವೋ ಅಂತ 23 ದಿನ ಕಾದೆವು. ನಾನು ದಿನಕ್ಕೆ ಹತ್ತು ಸಲ ಪೋರ್ಟಲ್ ನೋಡುತ್ತಿದ್ದೆ. ಕಮ್ಯೂನಿಟಿ ಕಾಲೇಜಿನಲ್ಲಿ ಬೇಸಿಗೆಯಲ್ಲೇ ಎಕನಾಮಿಕ್ಸ್ ಮತ್ತೆ ಮಾಡಿದ. ಉಳಿಯಿತು. ಫೋಟೋಗಳನ್ನು ನಾನು ಇನ್ನೂ ಪ್ರಿಂಟ್ ಹಾಕಿಸಿಲ್ಲ.

ವಾಪಸ್ ಬಂದವನು:
ಇಷ್ಟೆಲ್ಲ ಯಾಕೆ? ಬೆಂಗಳೂರಿನಲ್ಲೇ ಪಿಯುಸಿ ಸೈನ್ಸ್ ಮಾಡಿಸಿ. ಸೋಷಿಯಲ್ ಸೈನ್ಸ್ ಕಾಟವೇ ಇರಲ್ಲ. ನಾನು ಆರು ವರ್ಷದ ಹಿಂದೆ ವಾಪಸ್ ಬಂದೆ, ನೆಮ್ಮದಿಯಾಗಿದ್ದೇನೆ.

ಹಾಸನದ ಹುಡುಗಿ:
ಅದೇ ಸಮಸ್ಯೆ ಸರ್. 15 ವರ್ಷಕ್ಕೇ ಇತಿಹಾಸಕ್ಕೆ ಎಳ್ಳುನೀರು ಬಿಟ್ಟುಬಿಡುತ್ತೀರಿ.

ಡಲ್ಲಾಸ್ ದಾವಣಗೆರೆ:
ನೆಮ್ಮದಿಯಾಗಿ ಇದ್ದವರು ಅಮೆರಿಕದ ಹೈಸ್ಕೂಲ್ ಚರ್ಚೆಯಲ್ಲಿ ರಾತ್ರಿ ಎರಡು ಗಂಟೆಗೆ ಏನು ಮಾಡುತ್ತಿದ್ದೀರಿ?

ವಾಪಸ್ ಬಂದವನು:
ಇಲ್ಲಿ ಈಗ ಮಧ್ಯಾಹ್ನ ಸ್ವಾಮಿ. ರಾತ್ರಿ ನಿಮಗೆ.

ಹೊಸದಾಗಿ ಬಂದವಳು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಸಮ್ಮರ್ ಸ್ಕೂಲ್ ಬೇಕೋ ಬೇಡವೋ? ಗುರುವಾರ ಕೌನ್ಸೆಲರ್ ಜೊತೆ ಮೀಟಿಂಗ್ ಇದೆ. ಪರಿವಿಡಿ ತೋರಿಸೋಣ ಅಂತ ಅಣ್ಣನಿಗೆ ಫೋನ್ ಮಾಡಿದೆ. 9, 10ರ ಪುಸ್ತಕ ಎರಡನ್ನೂ ಹೋದ ವಾರವೇ ರದ್ದಿಗೆ ಹಾಕಿದರಂತೆ.

ಎಡಿಸನ್ ಅಪ್ಪ:
ಏನೇ ಮಾಡಿ, ಮೊದಲು ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಇಮೇಲ್‌ನಲ್ಲಿ. ಬಾಯಿಮಾತು ನಂಬಬೇಡಿ.

ಸನ್ನಿವೇಲ್ ಅಮ್ಮ:
ರದ್ದಿಗೆ ಹೋದರೆ ಹೋಗಲಿ. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತೆ. ಆದರೆ ನಿಮ್ಮ ಮಗ ಓದಿದ ವರ್ಷದ ಪುಸ್ತಕವೇ ಆಗಿರಬೇಕು, ನೋಡಿಕೊಳ್ಳಿ. 9ರದ್ದೂ 10ರದ್ದೂ ಪರಿವಿಡಿ ಪ್ರಿಂಟ್ ತೆಗೆದು ವರ್ಲ್ಡ್ ಹಿಸ್ಟರಿಗೆ ಹೊಂದುವ ಪಾಠಗಳಿಗೆ ಹೈಲೈಟರ್ ಹಾಕಿ. ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಅವರು ಖಂಡಿತ ಕಳೆಯುತ್ತಾರೆ.

ಮಿಲ್ಪಿಟಾಸ್ ಮಾವ:
ಎಥ್ನಿಕ್ ಸ್ಟಡೀಸ್ ಬಗ್ಗೆಯೂ ಕೇಳಿ ನೋಡಿ. ಆಮೇಲೆ ಇಲ್ಲಿ ಬಂದು ಯಾರು ಸರಿ ಅಂತ ಹೇಳಿ.